ಸಿಮ್ಯುಲೇಟರ್ ಮಾವ ನೋಡಿದ ಜಾತಕ

ಒಂದು ಪುಟ್ಟ ಕ್ವಾಂಟಮ್ ಪ್ರೋಗ್ರಾಂ ಇತ್ತು ನೋಡಿ. ಕ್ವಾಂಟಮ್ ಯಂತ್ರ ಲೆಕ್ಕಕ್ಕೆ ಬಳಸುವ ಪುಟಾಣಿ ಕ್ಯೂಬಿಟ್‌ಗಳಲ್ಲಿ ಎರಡನ್ನು ಜೋಡಿ ಮಾಡಿ, ಕೇಳಿದಾಗಲೆಲ್ಲ ಎರಡರ ಬಾಯಲ್ಲೂ ಒಂದೇ ಉತ್ತರ ಹೇಳಿಸುವುದು ಅದರ ಕಸುಬು. ಮೊದಲು ಅದು, ಮಾಮೂಲಿ ಕಂಪ್ಯೂಟರಿನಲ್ಲಿ ಕೂತು ಕ್ವಾಂಟಮ್ ಯಂತ್ರದ ನಕಲು ಮಾಡುವ ಸಿಮ್ಯುಲೇಟರ್ ಮಾವನ ಬಳಿ ಹೋಯಿತು. ಮಾವ ಕೂತಲ್ಲೇ ಲೆಕ್ಕ ಹಾಕಿ, "ಭೇಷ್! ಒಂದು ಸಲವೂ ತಪ್ಪಿಲ್ಲ" ಎಂದ.

ಹಿಗ್ಗಿದ ಪ್ರೋಗ್ರಾಂ ನಿಜವಾದ ಕ್ವಾಂಟಮ್ ಯಂತ್ರದ ಬಳಿ ಓಡಿತು. ಕೊರೆಯುವ ಚಳಿಯಲ್ಲೇ ಬದುಕುವ ಆ ಅಜ್ಜಿ ಜೋಡಿಯನ್ನು ಮತ್ತೆ ಮತ್ತೆ ಮಾತಾಡಿಸಿದಳು. ಬಹಳ ಸಲ ಎರಡೂ ಒಂದೇ ಮಾತು ಹೇಳಿದವು. ಆಗೊಮ್ಮೆ ಈಗೊಮ್ಮೆ ಮಾತ್ರ ಒಂದು ಹೌದೆಂದರೆ ಇನ್ನೊಂದು ಅಲ್ಲವೆಂದಿತು.

ಪ್ರೋಗ್ರಾಂ ಅತ್ತೇಬಿಟ್ಟಿತು. "ಅಜ್ಜೀ, ನನ್ನ ಜೋಡಿ ಮುರಿಯಿತು! ನನ್ನನ್ನು ಬರೆದ ಪ್ರಫುಲ್ಲಾ ಮೇಡಂ ಇನ್ನು ನನ್ನನ್ನು ಅಳಿಸಿಹಾಕುತ್ತಾರೆ."

"ಅಯ್ಯೋ ಪೆದ್ದೇ! ನಿನ್ನ ಮಾವ ನೋಡಿದ್ದು ಬರೀ ಜಾತಕ. ಇಲ್ಲಿ ಇವು ಸಂಸಾರ ಮಾಡಿವೆ. ಒಂದಿಷ್ಟು ಬಿಸಿ ತಾಕಿದರೂ, ನಡುವೆ ಯಾರಾದರೂ ಇಣುಕಿದರೂ ಜೋಡಿ ಮಾತು ತಪ್ಪುವ ಮನೆ ನನ್ನದು. ಅಷ್ಟಾದರೂ ಎಷ್ಟು ಸಲ ಒಟ್ಟಿಗಿದ್ದವು, ನೋಡಿದೆಯಾ? ನಿನ್ನ ಮೇಡಂ ಹೊರಗೆ ಆಗಲೇ ಪೇಡ ಹಂಚುತ್ತಿದ್ದಾರೆ."

ಪ್ರೋಗ್ರಾಂ ಕಣ್ಣೊರೆಸಿಕೊಂಡಿತು. "ಹಾಗಾದರೆ ಇನ್ನೊಮ್ಮೆ ಓಡಿಸಜ್ಜೀ. ಎರಡೂ ಅವುಗಳ ಪಾಡಿಗೆ ಇರಲಿ. ನಾನು ನಡುವೆ ಇಣುಕುವುದಿಲ್ಲ."