ಒಂಬತ್ತರ ಜಾಗದಲ್ಲಿ ಹನ್ನೆರಡು

"ಗುರುಗಳೇ, ಯಾರಿಗೂ ನೋವಾಗದ ಕೋಪವನ್ನು ಏಕೆ ಬಿಡಬೇಕು?" ಎಂದು ಸಿದ್ದರಾಜು ಕೇಳಿದ.

ಗುರುಗಳು ಹುರಿಗಡಲೆಯ ಬಟ್ಟಲನ್ನು ಅವನ ಕಡೆ ಸರಿಸಿದರು. "ನೋವಾಗುವುದಿಲ್ಲವೆಂದು ನಿನಗೆ ಹೇಗೆ ಗೊತ್ತು?"

"ಮನೆ ನೋಡಿದರೆ ತಿಳಿಯುತ್ತದಲ್ಲ! ನಾನು ಗುಡುಗುತ್ತೇನೆ, ನಿಜ. ಆದರೆ ನನ್ನ ಹೆಂಡತಿ ಗಿರಿಜೆ ಅದನ್ನು ಮಕ್ಕಳಿಗೆ ದಾಟಿಸುವ ಹೊತ್ತಿಗೆ ಮೆತ್ತಗಿನ ಮಾತಾಗಿರುತ್ತದೆ. ಮಕ್ಕಳು ನಗುನಗುತ್ತಾ ಇದ್ದಾರೆ. ಅವಳಂತೂ ಒಂದು ದಿನವೂ ಮುಖ ಸಿಂಡರಿಸಿದವಳಲ್ಲ."

"ಹಾಗಾದರೆ ಒಂದು ಕತೆ ಕೇಳು."

ಸಿದ್ದರಾಜು ಖುಷಿಯಿಂದ ಕಾಲು ಮಡಿಸಿ ಕೂತ. ಗುರುಗಳ ಕತೆ ಎರಡು ಸಲ ಒಂದೇ ಥರ ಇದ್ದದ್ದನ್ನು ಅವನು ಕಂಡಿರಲಿಲ್ಲ. ಹೋದ ವರ್ಷ ಹುಲಿಯ ಬಾಯಿಗೆ ಬಿದ್ದಿದ್ದ ವರ್ತಕ ಈ ವರ್ಷ ಅದೇ ಹುಲಿಗೆ ಹೆಣ್ಣು ನೋಡಲು ಹೊರಟಿದ್ದ.

ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನಿಗೆ ಹಳೇ ಕಾಲದ ಕಂಪ್ಯೂಟರಿನ ಹುಚ್ಚು. ಅದಕ್ಕೆ ಪರದೆಯಿಲ್ಲ, ಮುಂದೆ ಒಂದು ಸಾಲು ಸ್ವಿಚ್ಚು, ಮೇಲೆ ಒಂದು ಸಾಲು ಕೆಂಪು ದೀಪ, ಅಷ್ಟೆ. ಅಂಥದ್ದೇ ಒಂದರ ಬಿಡಿಭಾಗಗಳ ಕಿಟ್ ತರಿಸಿ, ಆರು ತಿಂಗಳು ಕೂತು, ಒಂದೊಂದೇ ಭಾಗವನ್ನು ಬೆಸುಗೆ ಹಾಕಿ ಜೋಡಿಸಿದ. ಮಾರನೆಯ ದಿನ ಗೆಳೆಯರು ನೋಡಲು ಬರುವವರಿದ್ದರು.

ಒಂಬತ್ತು ವೋಲ್ಟು ಕೊಡಬೇಕೆಂದು ಕಿಟ್‌ನ ಕಾಗದದಲ್ಲಿ ಬರೆದಿತ್ತು. ಮನೆಯಲ್ಲಿದ್ದ ಒಂದೇ ಒಂದು ಒಂಬತ್ತು ವೋಲ್ಟಿನ ಅಡಾಪ್ಟರು ಹೆಂಡತಿಯ ರೇಡಿಯೋಗೆ ಸಿಕ್ಕಿಸಿತ್ತು. ಅವಳು ಹಾಡು ಕೇಳುತ್ತಿದ್ದಳು. ಅದನ್ನು ಕೀಳಲು ಅವನಿಗೆ ಧೈರ್ಯ ಸಾಲದೆ, ಸ್ಕೂಟರಿನ ಬ್ಯಾಟರಿಯನ್ನು ಬಿಚ್ಚಿ ತಂದ. ಅದು ಹನ್ನೆರಡು ವೋಲ್ಟಿನದು.

ದೀಪಗಳು ಹೊತ್ತಿ ಸಾಲಾಗಿ ಓಡಾಡಿದವು.

"ರೀ, ಒಂಬತ್ತು ಅಂತ ಬರೆದಿದೆಯಲ್ರೀ," ಎಂದಳು ಹೆಂಡತಿ.

"ಹನ್ನೆರಡು ಕೊಟ್ಟಿದ್ದೀನಿ, ನೋಡೇ! ಯಾವ ದೀಪವಾದರೂ ಗೊಣಗಿತಾ?"

ಅವಳು ಮಕ್ಕಳ ಹಣೆ ಮುಟ್ಟಿ ನೋಡುವಂತೆ ಅಂಗೈ ಮಗುಚಿ ಪೆಟ್ಟಿಗೆಯ ಹಿಂಬದಿಗೆ ತಾಗಿಸಿದಳು. ತಟ್ಟನೆ ಕೈ ಹಿಂತೆಗೆದಳು. "ಅಯ್ಯೋ, ಇದಕ್ಕೆ ಜ್ವರ ಬಂದಿದೆ ಕಣ್ರೀ!"

ಅವನು ನಗುತ್ತಲೇ ಬ್ಯಾಟರಿ ತಪ್ಪಿಸಿ ಮುಚ್ಚಳ ತೆಗೆದ. ಮೂಲೆಯಲ್ಲಿ ಉಗುರಿನಷ್ಟು ಅಗಲದ, ಮೂರು ಕಾಲಿನ ಒಂದು ತುಂಡು. ಹೊರಗಿಂದ ಬಂದದ್ದನ್ನು ಐದು ವೋಲ್ಟಿಗೆ ಇಳಿಸಿ ಉಳಿದವಕ್ಕೆ ಕೊಡುವುದು ಅದರ ಕೆಲಸ. ಹೆಚ್ಚಾದದ್ದನ್ನು ಅದು ತನ್ನ ಮೈಯಲ್ಲೇ ಬಿಸಿ ಮಾಡಿಕೊಂಡು ನುಂಗುತ್ತಿತ್ತು. ಅವನು ಬೆರಳಿಟ್ಟ, ಬೊಬ್ಬೆ ಎದ್ದಿತು. ಅದು ಸುಟ್ಟಿದ್ದರೆ ಹನ್ನೆರಡು ವೋಲ್ಟೂ ಒಳಗೆ ನುಗ್ಗಿ ಆರು ತಿಂಗಳ ಕೆಲಸವೆಲ್ಲ ಬೂದಿಯಾಗಬಹುದಿತ್ತು. ಅವನ ನಗು ನಿಂತಿತು.

ಹೆಂಡತಿ ಹಾಡಿನ ನಡುವೆಯೇ ರೇಡಿಯೋದ ಅಡಾಪ್ಟರು ಕಿತ್ತು ತಂದು ಅವನ ಕೈಗಿತ್ತಳು. ದೀಪಗಳು ಮತ್ತೆ ಹೊತ್ತಿಕೊಂಡವು. ಮೊದಲು ಎಷ್ಟು ಬೆಳಗಿದ್ದವೋ ಈಗಲೂ ಅಷ್ಟೇ, ಒಂದಿಷ್ಟೂ ಕಡಿಮೆಯಿಲ್ಲ. ಅವನು ಊದಿದ ಬೆರಳನ್ನು ಬಾಯಲ್ಲಿಟ್ಟುಕೊಂಡು, ಇನ್ನೊಂದು ಕೈಯನ್ನು ಪೆಟ್ಟಿಗೆಯ ಹಿಂಬದಿಗಿಟ್ಟು ಬಹಳ ಹೊತ್ತು ಕೂತಿದ್ದ.

ಗುರುಗಳು ಕತೆ ನಿಲ್ಲಿಸಿ ಕಡಲೆ ಬಾಯಿಗೆ ಹಾಕಿಕೊಂಡರು.

ಸಿದ್ದರಾಜುವಿಗೆ ಆ ಮೂರು ಕಾಲಿನ ತುಂಡಿನ ಮೇಲೆ ಕನಿಕರ ಹುಟ್ಟಿತು. "ಪಾಪ, ಅಷ್ಟು ಬೇಯುತ್ತಿದ್ದದ್ದು ಮೊದಲೇ ಒಂದು ಸೂಚನೆ ಕೊಡಬಾರದಿತ್ತೇ ಗುರುಗಳೇ?"

"ಕೊಟ್ಟಿದ್ದರೆ ದೀಪಗಳು ನಡುಗುತ್ತಿದ್ದವಲ್ಲಯ್ಯ. ಅದಿರಲಿ, ಗಿರಿಜೆಯ ಹಣೆ ಮುಟ್ಟಿ ನೋಡಿ ಎಷ್ಟು ದಿನವಾಯಿತು?"