ಮುಟ್ಟಿದ ಅರ್ಧ

"ಮತ್ತೆ ಬಂದಿರಾ? ಒಂದು ನೋಟನ್ನು ನೆಟ್ಟಗೆ ನೋಡಲು ಬಿಡುವುದಿಲ್ಲವಲ್ಲ ನೀವು" ಎಂದಳು ಶಿವಲೀಲಾ, ಭೂತಗನ್ನಡಿಯಿಂದ ಕಣ್ಣೆತ್ತದೆ.

ಬಾಗಿಲಲ್ಲಿ ಮುದುಕಿ ತುಳಸವ್ವ ನಿಂತಿದ್ದಳು.

ಹೊಳೆದಂಡೆಯ ಆ ಆಶ್ರಮದಲ್ಲಿ ಗುರುಗಳು ಹಳೆಯ ನೋಟುಗಳನ್ನು ಕೂಡಿಸಿಟ್ಟಿದ್ದರು. ಅವುಗಳನ್ನು ಗುರುತಿಸುವ ವಿದ್ಯೆಯನ್ನು ಶಿವಲೀಲಾಳಿಗೆ ಕಲಿಸುತ್ತಿದ್ದರು.

"ಆ ಅರ್ಧ ನೋಟು ಕೊಡು, ತಂಗಿ."

"ಕೇಳಿದಾಗ ಕೊಡಲು ಅದೇನು ಬೆಲ್ಲದ ಚೂರೇ? ನಿಮ್ಮೂರ ದೊಡ್ಡಮನೆಯವರು ಮಾರಿದ ಪೆಟ್ಟಿಗೆಯಲ್ಲಿ ನಾನೇ ಹುಡುಕಿದ್ದು. ಇನ್ನರ್ಧ ನಿಮ್ಮ ಹತ್ತಿರ ಇದೆ, ನಂಬರು ಒಂದೇ. ನೀವೇ ಅದನ್ನು ಇಲ್ಲಿ ಕೊಡಿ, ನೋಟು ಇಡಿಯಾಗುತ್ತದೆ. ನಿಮ್ಮ ಮನೆಯಲ್ಲಿದ್ದರೆ ಇಲಿ ತಿನ್ನುತ್ತದೆ."

"ಇಷ್ಟು ವರ್ಷ ಇಲಿ ತಿಂದಿಲ್ಲ. ಊರು ತಿಂದಿದೆ, ನಮ್ಮನ್ನು."

"ಕೂತು ಹೇಳು ತಾಯಿ" ಎಂದರು ಗುರುಗಳು.

"ನಮ್ಮಜ್ಜ ದೂರದ ಗಿರಣಿಯಲ್ಲಿ ದುಡಿಯುತ್ತಿದ್ದ. ತಾಯಿಯ ಔಷಧಕ್ಕೆಂದು ಅಣ್ಣನಿಗೆ ನೋಟು ಕಳಿಸಿದ. ಟಪಾಲಿನಲ್ಲಿ ಕದಿಯುತ್ತಾರೆಂದು ಆಗ ನೋಟನ್ನು ಎರಡಾಗಿ ಕತ್ತರಿಸುತ್ತಿದ್ದರು. ಮೊದಲು ಒಂದರ್ಧ ಕಳಿಸಿ, ಅದು ಮುಟ್ಟಿತೆಂದು ಕಾಗದ ಬಂದ ಮೇಲೆ ಇನ್ನರ್ಧ. ಕಾಗದ ಬರಲಿಲ್ಲ. ತಾಯಿ ಸತ್ತಳು. ಅಣ್ಣ, ಏನೂ ಬಂದೇ ಇಲ್ಲ ಅಂದ. ತಮ್ಮನ ಪಾಲಿನ ಹೊಲವನ್ನೂ ನುಂಗಿ ದೊಡ್ಡಮನೆ ಕಟ್ಟಿದ. ಅಂದಿನಿಂದ ಊರವರ ಬಾಯಲ್ಲಿ ನಮ್ಮದು ಹೆತ್ತವಳನ್ನು ಕೊಂದವನ ಮನೆ. ನನ್ನ ಮೊಮ್ಮಗಳನ್ನೂ ಹಾಗೇ ಕರೆಯುತ್ತಾರೆ."

"ಊರಿಗೆ ತೋರಿಸಲು ನಿಮ್ಮ ಅರ್ಧ ಸಾಲದೇ?" ಎಂದಳು ಶಿವಲೀಲಾ.

"ಅದು ನಮ್ಮಲ್ಲೇ ಉಳಿದದ್ದು. ಕಳಿಸಲೇ ಇಲ್ಲ ಅನ್ನುತ್ತಾರೆ. ಅವರಿಗೆ ಮುಟ್ಟಿದ್ದು ನಿನ್ನ ಕೈಯಲ್ಲಿದೆ."

ಶಿವಲೀಲಾ ಗುರುಗಳ ಕಡೆ ತಿರುಗಿದಳು. ಅವಳ ಮುಖ ಕೆಂಪಾಗಿತ್ತು.

"ಒಬ್ಬೊಬ್ಬರ ಮನೆಯ ಜಗಳಕ್ಕೆ ಒಂದೊಂದು ನೋಟು ಹಂಚುತ್ತ ಹೋದರೆ ಪೆಟ್ಟಿಗೆಯಲ್ಲಿ ಉಳಿಯುವುದೇನು ಗುರುಗಳೇ? ಕಣ್ಣು ಉರಿಯುವಷ್ಟು ನೋಡಿದ್ದೇನೆ. ಇಂಥದು ಇನ್ನೊಂದು ಸಿಗುತ್ತದೆಯೇ?"

ಗುರುಗಳು ಅರ್ಧ ನೋಟನ್ನು ಬೆಳಕಿಗೆ ಹಿಡಿದರು.

"ಏನೇನು ಗುರುತಿಸಿದೆ?"

"ಕಾಗದ, ಸಹಿ, ಇಸವಿ, ಯಾವ ಊರಿನ ಕಚೇರಿ ಹೊರಡಿಸಿದ್ದು ಎಂಬುದು. ಎಲ್ಲ ಸರಿಯಾಗಿದೆ. ಅಸಲಿ ನೋಟು."

"ಈ ತಾಯಿ ಹೇಳಿದ್ದು?"

ಶಿವಲೀಲಾ ತಡೆದು ಹೇಳಿದಳು, "ಅದೂ ಅಸಲಿಯೇ. ಆದರೆ ಅದಕ್ಕೂ ನಮಗೂ ಏನು ಸಂಬಂಧ?"

ಗುರುಗಳು ನೋಟನ್ನು ಅವಳ ಅಂಗೈಯಲ್ಲಿಟ್ಟರು.

"ಮುಟ್ಟಿದ್ದನ್ನು ಮುಟ್ಟಿತೆಂದು ಹೇಳದೆ ಒಬ್ಬ ಪೆಟ್ಟಿಗೆಯಲ್ಲಿಟ್ಟ. ಅವನ ಪೆಟ್ಟಿಗೆಯಿಂದ ಇದು ನಿನ್ನ ಪೆಟ್ಟಿಗೆಗೆ ಬಂದಿದೆ. ಬದಲಾದದ್ದು ಏನು, ಮಗಳೇ?"