ಮಾಸ್ತರರ ಒಂದೇ ಪ್ರಶ್ನೆ

ಹೊಳೆದಂಡೆಯ ಆ ಆಶ್ರಮದಲ್ಲಿ ಭಜನೆಗಿಂತ ಮೋಟರಿನ ಸದ್ದೇ ಹೆಚ್ಚು. ಕಾರ್ಖಾನೆಯ ವೈರಿಂಗ್ ಕೆಲಸ ಕಲಿಯುವವರಿಗಾಗಿ ಅಲ್ಲೊಂದು ತಗಡಿನ ಶೆಡ್ಡಿತ್ತು. ಕಲಿಸುವವರು ಚನ್ನವೀರಯ್ಯ ಮಾಸ್ತರರು.

ಮಾಸ್ತರರು ದಣಿದಿದ್ದರು. ತಂತಿಗೆ ಕೈ ಹಾಕಲು ಹೋದ ಪ್ರತಿಯೊಬ್ಬನನ್ನೂ "ನೋಡೀಯೇನು?" ಎಂದು ಕೇಳಿ ಕೇಳಿ ಅವರ ನಾಲಿಗೆ ಸವೆದಿತ್ತು. ಲೈನಿನಲ್ಲಿ ಕರೆಂಟು ಇಲ್ಲವೆಂದು ಖಾತ್ರಿ ಮಾಡಿಕೊಂಡೆಯಾ ಎಂದು ಅದರ ಅರ್ಥ. ಎಲ್ಲರೂ "ನೋಡೀನ್ರಿ" ಅನ್ನುತ್ತಿದ್ದರು. ನೋಡದವರು ಇನ್ನೂ ಜೋರಾಗಿ ಅನ್ನುತ್ತಿದ್ದರು.

ಹಾಗೆ ಅಂದವನೊಬ್ಬನ ತಾಯಿ ಈಗಲೂ ಅಮಾವಾಸ್ಯೆಗೊಮ್ಮೆ ಬಂದು, ಮಗ ಕೂರುತ್ತಿದ್ದ ಬೆಂಚನ್ನು ಸೆರಗಿನಿಂದ ಒರೆಸಿ ಹೋಗುತ್ತಿದ್ದಳು. ಆ ದಿನ ಮಾಸ್ತರರಿಗೆ ಊಟ ಸೇರುತ್ತಿರಲಿಲ್ಲ.

ಶೆಡ್ಡಿನ ಕೀಲಿಕೈಯನ್ನು ಹಿರಿಯ ಶಿಷ್ಯ ಹೊನ್ನೂರನ ಕೈಗಿತ್ತು, ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು ಎಂಬುದೊಂದೇ ಈಗ ಅವರಿಗಿದ್ದ ಆಸೆ. ಸೋಮವಾರ ಹೊಸಬರು ಬರುವವರಿದ್ದರು. ಅವರಿಗೆ ಅವನೇ ಕಲಿಸಲಿ.

ಆ ಬೆಳಿಗ್ಗೆ ಅವನನ್ನು ಕರೆದರು.

"ಈ ಮೋಟರಿನ ವೈರ್ ಬದಲಿ ಮಾಡಪಾ. ಸರಿಯಾತಂದ್ರ ಶೆಡ್ಡು ನಿಂದು."

ಹೊನ್ನೂರ ಕೆಲಸದಲ್ಲಿ ಚುರುಕು. ಮೋಟರ್ ಲೈನಿನ ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗಿಳಿಸಿದ. ಕರೆಂಟಿದ್ದರೆ ಉರಿಯುವ ಟೆಸ್ಟ್ ಲ್ಯಾಂಪ್ ತಂದು ಮೋಟರಿಗೆ ಬರುವ ಮೂರೂ ವೈರುಗಳಿಗೆ ಒಂದೊಂದಾಗಿ ಹಚ್ಚಿದ. ಬಲ್ಬು ಉರಿಯಲಿಲ್ಲ.

"ನೋಡೀಯೇನು?"

"ನೋಡೀನ್ರಿ. ಲೈನ್ ಸತ್ತೈತಿ."

"ಯಾರು ಹೇಳಿದ್ರು?"

"ಲ್ಯಾಂಪ್ ಹೇಳ್ತಲ್ರಿ."

"ಹೇಳಿದಾಂವ ಹೆಂಗದಾನ? ಕೇಳಿದ್ಯಾ?"

ಹೊನ್ನೂರ ನಕ್ಕ. ಮುದುಕರಿಗೆ ಅರಳುಮರಳು ಅಂದುಕೊಂಡನೋ ಏನೋ.

ಮಾಸ್ತರರು ಮೊಣಕಾಲು ಹಿಡಿದುಕೊಂಡು ಎದ್ದರು. "ಸರಿ, ಈ ಕಡೆ ಬಾ. ವೈರ್ ನಾನ ಬಿಚ್ಚತೀನಿ."

ಆ ಲೈನಿನ ಫ್ಯೂಸುಗಳನ್ನು ಅವರು ಬೆಳಗಾಗುತ್ತಲೇ ಕಿತ್ತು, ಲ್ಯಾಂಪಿಗೆ ಒಳ್ಳೆಯ ಬಲ್ಬು ಹಾಕಿ ಲೈನ್ ಪರೀಕ್ಷಿಸಿ, ಅವನ್ನು ಜೇಬಿನಲ್ಲಿಟ್ಟುಕೊಂಡಿದ್ದರು. ಹೊನ್ನೂರನಿಗೆ ಅದು ಗೊತ್ತಿರಲಿಲ್ಲ.

ಬರಿಗೈ ಚಾಚಿದರು, ಬೇಕೆಂದೇ ನಿಧಾನವಾಗಿ. ತಡೀರಿ ಅನ್ನಲಿ, ಒಂದು ಸಲ ಅನ್ನಲಿ ಎಂದು ಅವರ ಜೀವ ಹಂಬಲಿಸುತ್ತಿತ್ತು.

"ಮುಟ್ಟಲೇನು?"

"ಮುಟ್ರಿ. ಏನೂ ಆಗಂಗಿಲ್ಲ."

ಮುಟ್ಟಿದರು. ಏನೂ ಆಗಲಿಲ್ಲ. ಆದರೂ ಮಾಸ್ತರರಿಗೆ ಅಳು ಬಂದಂತಾಯಿತು.

"ಆ ಫ್ಯಾನಿನ ಪ್ಲಗ್ ತಗದು, ಅಲ್ಲೆ ಈ ಲ್ಯಾಂಪ್ ಹಚ್ಚು," ಅಂದರು.

ಗೋಡೆಯ ಬಳಿ ಫ್ಯಾನು ಬೇರೆ ಲೈನಿನ ಮೇಲೆ ತಿರುಗುತ್ತಲೇ ಇತ್ತು. ಹೊನ್ನೂರ ಅದರ ಪ್ಲಗ್ ಕಿತ್ತು ಲ್ಯಾಂಪ್ ಹಚ್ಚಿದ. ಉರಿಯಲಿಲ್ಲ. ಬಲ್ಬು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗಿನ ತಂತಿ ಕಡಿದು ಕಿಣಿಕಿಣಿ ಅನ್ನುತ್ತಿತ್ತು. ಬೆಳಿಗ್ಗೆ ಮಾಸ್ತರರೇ ಹಾಕಿಟ್ಟ ಬಲ್ಬು ಅದು.

ಅವನ ಮುಖ ಬಿಳುಚಿಕೊಂಡಿತು. ಕೆಟ್ಟ ಬಲ್ಬಿನ ಮಾತು ನಂಬಿ ಗುರುವಿನ ಕೈಯನ್ನು ತಂತಿಗೆ ಒಡ್ಡಿದ್ದ.

"ಆದ್ರ ಮೇನ್ ಆರಿಸಿದ್ದೆನಲ್ರಿ," ಅಂದ ಮೆಲ್ಲಗೆ. "ಲೈನ್ ಖರೇನ ಸತ್ತಿತ್ತು."

"ಇವತ್ತು ಸತ್ತಿತ್ತು."

ಹೊನ್ನೂರ ಆ ತಾಯಿ ಒರೆಸುವ ಬೆಂಚಿನ ಕಡೆ ನೋಡಿದ.

ಮಾಸ್ತರರು ಜೇಬಿಗೆ ಕೈ ಹಾಕಿ ಫ್ಯೂಸುಗಳನ್ನು ತೆಗೆದು ಅವನ ಮುಂದಿಟ್ಟರು. ಜೊತೆಗೆ ಶೆಡ್ಡಿನ ಕೀಲಿಕೈಯೂ ಬಂತು. ಅದನ್ನು ಒಂದು ಗಳಿಗೆ ನೋಡಿ, ತಿರುಗಿ ಜೇಬಿಗೆ ಹಾಕಿಕೊಂಡರು. ಕಿಟಕಿಯ ಆಚೆ ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

ಹೊನ್ನೂರ ಕೆಟ್ಟ ಬಲ್ಬನ್ನು ಕೆಳಗಿಟ್ಟ. "ನಿಮಗ ನೆಟ್ಟಗ ನಿಲ್ಲಾಕೂ ಆಗವಲ್ದು, ಮಾಸ್ತರ. ಸೋಮವಾರ ಮತ್ತ ನೀವ ಬರ್ತೀರಿ, ಮತ್ತ ಅದನ್ನ ಕೇಳ್ತೀರಿ. ಇಷ್ಟು ವರ್ಷ ಆತು, ದಣಿವಾಗಂಗಿಲ್ಲೇನ್ರಿ?"

ಮಾಸ್ತರರು ಕಪಾಟಿನಿಂದ ಹೊಸ ಬಲ್ಬು ತೆಗೆದು ಅವನ ಕೈಗಿಟ್ಟರು.

"ದಣಿವಾಗೇತೋ ತಮ್ಮಾ, ನನಗ. ಕರೆಂಟಿಗೆ ಆಗಂಗಿಲ್ಲ."